ಜೇನುನೊಣದ ಪಾಠ

ಬಚ್ಚಲಿನಲ್ಲಿ ಗಂಡ ಭಾಷಣ ಮಾಡುತ್ತಿದ್ದ. ನೀರು ಸುರಿಯುವ ಸದ್ದಿನ ನಡುವೆ 'ಸಾರ್ವಜನಿಕ ಶಿಕ್ಷಣ' ಎಂದೂ 'ನಮ್ಮ ಮಕ್ಕಳ ಹಕ್ಕು' ಎಂದೂ ಒಂದೊಂದು ತುಂಡು ಬಾಗಿಲ ಸಂದಿಯಿಂದ ಹೊರಗೆ ಬೀಳುತ್ತಿತ್ತು. ಒಲೆಯ ಮುಂದೆ ನಿಂತು ಹಾಲು ಉಕ್ಕುವುದನ್ನೇ ಕಾಯುತ್ತಿದ್ದ ಅವಳಿಗೆ, ಇವರು ಬಾಗಿಲು ತೆಗೆದ ತಕ್ಷಣ ಹೇಳಿಬಿಡಬೇಕು ಅನ್ನಿಸಿತು. ಹೇಳಬೇಕಾಗಿದ್ದದ್ದು ಒಂದೇ ಮಾತು. ಮಧ್ಯಾಹ್ನದ ಸಭೆಯಲ್ಲಿ ನಮ್ಮ ಶಾಲೆ ಚೆನ್ನಾಗಿದೆ ಎಂದು ಊರಿಗೆಲ್ಲ ತೋರಿಸುವುದಕ್ಕೆ ಯಾವ ಹುಡುಗಿ ಎದ್ದು ನಿಂತು ಪಾಠ ಓದುತ್ತಾಳೋ, ಆ ಹುಡುಗಿಗೆ ಓದುವುದಕ್ಕೆ ಬರುವುದಿಲ್ಲ. ಸ್ವಲ್ಪ ಬರುತ್ತದೆ, ತಡವರಿಸುತ್ತಾಳೆ ಅಂತಲ್ಲ. ಬರುವುದೇ ಇಲ್ಲ. ಐದನೇ ತರಗತಿಗೆ ಬಂದಿದ್ದಾಳೆ, ಅಕ್ಷರ ಕೂಡಿಸಿ ಒಂದು ಪದ ಮಾಡಲಾರಳು. ಟೀಚರ್ ಬಾಯಲ್ಲಿ ಕೇಳಿದ್ದನ್ನು ಕೇಳಿದ ಹಾಗೇ ತಲೆಯಲ್ಲಿ ಇಟ್ಟುಕೊಳ್ಳುತ್ತಾಳೆ, ಪುಸ್ತಕ ಹಿಡಿದು ಒಪ್ಪಿಸುತ್ತಾಳೆ. ಇದು ಗೊತ್ತಿರುವುದು ತನಗೊಬ್ಬಳಿಗೆ. ಯಾಕೆಂದರೆ ಕಲಿಸಿದವಳು ತಾನೇ. ಗಂಡ ಟವೆಲಿನಲ್ಲಿ ತಲೆ ಒರೆಸುತ್ತ ಹೊರಗೆ ಬಂದು, "ಕೊನೇಲಿ ಒಂದು ಏಟು ಕೊಡೋ ಹಾಗಿರ್ಬೇಕು ಕಣೇ, 'ಶಾಲೆ ಮುಚ್ಚೋನು ಜೈಲು ಕಟ್ಟಿಸ್ತಾನೆ' ಅಂದ್ರೆ ಹೇಗಿರುತ್ತೆ?" ಎಂದು ಕೇಳಿದ. "ಚೆನ್ನಾಗಿರುತ್ತೆ" ಎಂದಳು. ಅಷ್ಟರಲ್ಲಿ ಹಾಲು ಉಕ್ಕಿ ಒಲೆಯ ಮೇಲೆಲ್ಲ ಹರಿದಿತ್ತು.

ಒಳಗಿನ ಕೋಣೆಯಲ್ಲಿ ಮೊಮ್ಮಗಳು ಷೂ ಲೇಸು ಕಟ್ಟಿಕೊಳ್ಳುತ್ತಿದ್ದಳು. ಅವಳು ಹೋಗುವುದು ರಸ್ತೆಯಾಚೆಯ ಗಾಜಿನ ಕಿಟಕಿಗಳ ಶಾಲೆಗೆ. ಅವಳ ಅಮ್ಮ ಓದಿದ್ದೂ ಅಲ್ಲೇ. ಮಗಳನ್ನು ಅಲ್ಲಿಗೆ ಸೇರಿಸಿದ ವರ್ಷ ಗಂಡ ತಿಂಗಳುಗಟ್ಟಲೆ ಸರ್ಕಾರಿ ಶಾಲೆಗಳ ಪರವಾಗಿ ಪೇಪರಿಗೆ ಪತ್ರ ಬರೆಯುವುದನ್ನು ನಿಲ್ಲಿಸಿದ್ದ. ಆಮೇಲೆ ಮನುಷ್ಯನಿಗೆ ಎಲ್ಲವೂ ಅಭ್ಯಾಸವಾಗುವ ಹಾಗೆ ಇದೂ ಅಭ್ಯಾಸವಾಗಿ, ಮತ್ತೆ ಬರೆಯತೊಡಗಿದ. ಅವಳು ಬೈಯಲಿಲ್ಲ. ಬೈಯುವುದಕ್ಕೆ ತನಗೆ ಯಾವ ಮುಖವಿತ್ತು? ಮಗಳ ಕೈಹಿಡಿದು ಆ ಗೇಟಿನ ತನಕ ಬಿಟ್ಟು ಬಂದು, ರಸ್ತೆ ದಾಟಿ, ಈ ಗೇಟಿನಲ್ಲಿ ಬೇರೆಯವರ ಮಕ್ಕಳಿಗೆ ಕಲಿಸಲು ಒಳಗೆ ಹೋಗುತ್ತಿದ್ದವಳು ತಾನು. ರಸ್ತೆ ದಾಟುವಾಗ ಒಂದೊಂದು ದಿನ ನಾಚಿಕೆಯಾಗುತ್ತಿತ್ತು, ಒಂದೊಂದು ದಿನ ಲಾರಿ ಬಂತೇನೋ ಎಂಬ ಗಮನದಲ್ಲಿ ನಾಚಿಕೆಪಡುವುದೂ ಮರೆತುಹೋಗುತ್ತಿತ್ತು.

ಈಗ ಗೋಡೆಗೋಡೆಗೂ ಎರಡು ಬಣ್ಣದ ಪೋಸ್ಟರುಗಳು. ಸರ್ಕಾರಿ ಶಾಲೆ ಮುಚ್ಚಿ ಅನ್ನುವವರದು ಒಂದು, ಉಳಿಸಿ ಅನ್ನುವವರದು ಇನ್ನೊಂದು. ಕಟ್ಟಡ ಕಟ್ಟುವವರು, ಆಸ್ಪತ್ರೆ ಗುಡಿಸುವವರು, ಗೋಡೌನಿನಲ್ಲಿ ಮೂಟೆ ಹೊರುವವರು ಎಲ್ಲೆಲ್ಲಿಂದಲೋ ಬಂದು ಹಿಂದಿನ ಓಣಿಗಳಲ್ಲಿ ನೆಲೆಸಿದ ಮೇಲೆ ಹಳೆಯ ಮನೆತನಗಳವರು ಒಬ್ಬೊಬ್ಬರಾಗಿ ಮಕ್ಕಳನ್ನು ಬಿಡಿಸಿಕೊಂಡಿದ್ದರು. ಯಾರೂ ಕಾರಣ ಹೇಳಲಿಲ್ಲ. ಟಿ.ಸಿ. ಕೇಳುವಾಗ "ಮನೆ ಹತ್ತಿರ ಅಂತ" ಎನ್ನುತ್ತಿದ್ದರು, ಮನೆಗೆ ಹತ್ತಿರ ಇದೇ ಶಾಲೆಯಾಗಿದ್ದರೂ. ಮಕ್ಕಳಿಲ್ಲ ಅಂತ ಸರ್ಕಾರ ದುಡ್ಡು ಕೊಡಲಿಲ್ಲ, ದುಡ್ಡಿಲ್ಲ ಅಂತ ಮಾಸ್ತರರು ಬರಲಿಲ್ಲ, ಮಾಸ್ತರರಿಲ್ಲ ಅಂತ ಇನ್ನಷ್ಟು ಮಕ್ಕಳು ಹೋದರು. ಉಳಿದವರು ಹೋಗಲು ಬೇರೆ ಜಾಗವಿಲ್ಲದವರು, ಮತ್ತು ತಾನು. ಹದಿನೈದು ದಿನದಿಂದ ಊರಿನಲ್ಲಿ ಎತ್ತು ಏರಿಗೆ, ಕೋಣ ನೀರಿಗೆ. ತರಕಾರಿ ತೂಗುವವನೂ ತಕ್ಕಡಿ ನಿಲ್ಲಿಸಿ, "ಏನ್ ಟೀಚರ್, ಮುಚ್ತಾರಂತೆ?" ಎಂದು ಕೇಳುತ್ತಾನೆ. ಅವನ ದನಿಯಲ್ಲಿ ದುಃಖವಿದೆಯೋ ಬರೀ ಕುತೂಹಲವೋ ತಿಳಿಯುವುದಿಲ್ಲ. ಮುಚ್ಚಿದರೆ ತಾನು ಮನೆಯಲ್ಲಿ ಮಲಗಬಹುದು ಎಂಬ ಯೋಚನೆ ಕಳೆದ ವಾರ ಒಮ್ಮೆ ಬಂದುಹೋಗಿತ್ತು. ಬಂದದ್ದಕ್ಕಿಂತ, ಬಂದಾಗ ಆದ ಸುಖಕ್ಕೆ ಅವಳು ಹೆದರಿದ್ದಳು.

ಶಾಲೆಯ ಗೇಟಿನ ಹತ್ತಿರ ಗುಬ್ಬಿ, ಮಧ್ಯಾಹ್ನ ಓದಬೇಕಾದ ಆ ಹುಡುಗಿ, ಅವಳಮ್ಮನ ಜೊತೆ ನಿಂತಿದ್ದಳು. ವಯಸ್ಸಿಗೆ ಚಿಕ್ಕದಾದ ಮೈ, ಒಂದು ಕಡೆ ನಿಲ್ಲದ ಕಣ್ಣು. ಹಾಗಾಗಿ ಮೊದಲ ದಿನವೇ ಯಾರೋ ಗುಬ್ಬಿ ಎಂದು ಕರೆದು, ಅದೇ ನಿಂತುಹೋಗಿತ್ತು. ಇವತ್ತು ತಲೆಗೆ ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದು ಹೊಸ ರಿಬ್ಬನ್ ಕಟ್ಟಿದ್ದರು. ಬಿಗಿಗೆ ಹುಬ್ಬು ಮೇಲೆ ಹೋಗಿ ಹುಡುಗಿ ಯಾವುದಕ್ಕೋ ಆಶ್ಚರ್ಯಪಟ್ಟವಳ ಹಾಗೆ ಕಾಣುತ್ತಿದ್ದಳು. ತಾಯಿ ಆಸ್ಪತ್ರೆಯಲ್ಲಿ ನೆಲ ಒರೆಸುವವಳು. ಕೈಗೆ ಸದಾ ಫಿನಾಯಿಲಿನ ವಾಸನೆ. "ಮಧ್ಯಾಹ್ನ ರಜ ಹಾಕಿದ್ದೀನಿ ಟೀಚರ್. ಸೂಪರ್‌ವೈಸರ್ ಮುಖ ಸಿಂಡರಿಸಿದ. ನನ್ ಮಗಳು ಅಷ್ಟು ಜನರ ಮುಂದೆ ಓದ್ತಾಳೆ ಕಣಯ್ಯಾ, ನೀನು ಸಂಬಳ ಹಿಡ್ಕೊ ಅಂದೆ. ನಮ್ಮ ವಾರ್ಡಿನ ನರ್ಸಮ್ಮನೂ ಬರ್ತೀನಿ ಅಂದಿದ್ದಾರೆ. ನಮ್ಮ ಕಡೆ ಪುಸ್ತಕ ಹಿಡಿದೋರೇ ಇಲ್ಲ ಟೀಚರ್, ಇವಳೇ ಮೊದಲು" ಎಂದಳು. ಹೇಳಿ ಟೀಚರ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಆ ಅಂಗೈ ಒರಟಾಗಿ ಬೆಚ್ಚಗಿತ್ತು. ಈಗ ಹೇಳಬೇಕು, ಗೇಟಿನ ಹೊರಗೆ, ಯಾರೂ ಇಲ್ಲದಾಗ, ಎಂದುಕೊಂಡಳು. "ಊಟ ಮಾಡಿಸಿ ಕರ್ಕೊಂಡು ಬನ್ನಿ, ಹಸಿದ ಹೊಟ್ಟೇಲಿ ದನಿ ಬರಲ್ಲ" ಎಂದು ಬಾಯಿ ತಾನೇ ತಾನಾಗಿ ಹೇಳಿತು. ಗುಬ್ಬಿ ನಕ್ಕಳು.

ನಾಲ್ಕು ಮತ್ತು ಐದನೇ ತರಗತಿ ಒಂದೇ ಕೋಣೆಯಲ್ಲಿ, ಬೆನ್ನಿಗೆ ಬೆನ್ನು ಕೊಟ್ಟು ಕೂರುತ್ತವೆ. ಈ ಕಡೆಯ ಬೋರ್ಡಿನಲ್ಲಿ ಭಾಗಾಕಾರ, ಆ ಕಡೆಯ ಬೋರ್ಡಿನಲ್ಲಿ ಪದ್ಯ. ನಡುವೆ ಅವಳು, ಎರಡು ಮನೆಗೆ ಸೊಸೆಯಾದವಳ ಹಾಗೆ. ಸೀಮೆಸುಣ್ಣದ ಧೂಳು ಗಂಟಲಿನಲ್ಲಿ ಎಷ್ಟೋ ವರ್ಷದಿಂದ ಮನೆ ಮಾಡಿದೆ. ನಾಲ್ಕು ಮಾತು ಆಡಿದರೆ ಒಮ್ಮೆ ಕೆಮ್ಮಿ ಗಂಟಲು ಸರಿ ಮಾಡಿಕೊಳ್ಳಬೇಕು. ಮನೆಯಲ್ಲಿ ಬೇರೆ ಬೇರೆ ಭಾಷೆಯಾಡುವ ಮಕ್ಕಳು. ಅಕ್ಷರ ತಿದ್ದಿಸುವುದಕ್ಕೆ ಒಬ್ಬೊಬ್ಬರ ಪಕ್ಕವೂ ಕೂರಬೇಕು, ಬೆರಳು ಹಿಡಿಯಬೇಕು, ತಪ್ಪು ಮಾಡಲು ಬಿಡಬೇಕು. ಕೂರುವಷ್ಟರಲ್ಲಿ ಹಿಂದಿನ ಸಾಲಿನಲ್ಲಿ ಜಗಳ ಶುರುವಾಗಿರುತ್ತಿತ್ತು. ತನಿಖೆಗೆ ಸಾಹೇಬರು ಬರುತ್ತಾರೆ ಎಂದು ಹೇಳಿಕಳಿಸಿದ ಒಂದು ವರ್ಷ, ಮೊದಮೊದಲ ವರ್ಷಗಳಲ್ಲೇ, ಅವಳು ದಿಕ್ಕು ತೋಚದೆ ಒಂದು ಪಾಠವನ್ನು ಸಾಲುಸಾಲಾಗಿ ಹೇಳಿ ಹೇಳಿ ಇಡೀ ತರಗತಿಗೆ ಬಾಯಿಗೆ ಬರಿಸಿದಳು. ಯಾರನ್ನು ಎಬ್ಬಿಸಿದರೂ ಅದೇ ಪಾಠ, ಪುಸ್ತಕ ಬಿಡಿಸಿಕೊಂಡು, ಬೆರಳು ಸಾಲಿನ ಕೆಳಗೆ ಓಡಿಸುತ್ತ. ಸಾಹೇಬರು ಬೆನ್ನು ತಟ್ಟಿ ಟೀ ಕುಡಿದು ಹೋದರು. ಈ ಒಂದು ಸಲ, ಅಕ್ಷರ ಆಮೇಲೆ ಬರುತ್ತೆ ಅಂದುಕೊಂಡಳು. ಪಾಠ ಜೇನುನೊಣದ್ದು. ಪುಸ್ತಕಗಳು ಬದಲಾದವು, ಹೊದಿಕೆಯ ಬಣ್ಣ ಬದಲಾಯಿತು, ಬರೆಯುವ ಕಮಿಟಿಗಳು ಬದಲಾದವು. ಜೇನುನೊಣವನ್ನು ಮಾತ್ರ ಯಾರೂ ಓಡಿಸಲಿಲ್ಲ. ಆ ಒಂದು ಸಲ ಪ್ರತಿ ವರ್ಷವೂ ಬಂತು.

ಗುಬ್ಬಿಗೆ ಬೇರೆಯವರ ಹಾಗೆ ಹತ್ತು ಸಲ ಹೇಳಬೇಕಾಗಿರಲಿಲ್ಲ. ಎರಡನೇ ಸಲಕ್ಕೆ ಪಾಠ ಅವಳದ್ದು. ಬೇರೆ ಮಕ್ಕಳು ಒಪ್ಪಿಸುವಾಗ ರಾಗ ಎಳೆಯುತ್ತಾರೆ, ಇವಳು ಎಳೆಯುವುದಿಲ್ಲ. ಎಲ್ಲಿ ನಿಲ್ಲಬೇಕೋ ನಿಲ್ಲುತ್ತಾಳೆ, ಎಲ್ಲಿ ಆಶ್ಚರ್ಯಪಡಬೇಕೋ ಪಡುತ್ತಾಳೆ. ಹೆಡ್ಮಾಸ್ಟರು ಒಮ್ಮೆ ಕಿಟಕಿಯ ಹತ್ತಿರ ಹಾದುಹೋಗುತ್ತ ನಿಂತು ಕೇಳಿ, ಇಂಥ ಮಗು ನಮ್ಮಲ್ಲಿದೆಯಾ ಎಂದು ಮೂಗಿನ ಮೇಲೆ ಬೆರಳಿಟ್ಟಿದ್ದರು. ಆಗ ಅವಳಿಗೆ ಹೆಮ್ಮೆಯಾಗಿತ್ತು. ನಿಜವಾದ ಹೆಮ್ಮೆ. ಇಷ್ಟು ಚುರುಕಿನ ಮಗುವಿಗೆ ಒಂದು ತಿಂಗಳು ದಿನಾ ಅರ್ಧ ಗಂಟೆ ಪಕ್ಕದಲ್ಲಿ ಕೂತಿದ್ದರೆ ಓದು ಬಂದುಬಿಡುತ್ತಿತ್ತು. ಕೂರಲಿಲ್ಲ. ಸಂಜೆ ಗಂಟೆ ಹೊಡೆದ ಮೇಲೆ ಕೂರಿಸಿಕೊಳ್ಳಬಹುದಿತ್ತು. ಸಂಜೆ ಕಾಲು ನೋಯುತ್ತಿತ್ತು, ಮನೆಯಲ್ಲಿ ಮೊಮ್ಮಗಳ ಹೋಂವರ್ಕ್ ಇರುತ್ತಿತ್ತು. ಹೌದು, ಮೊಮ್ಮಗಳ ಪಕ್ಕ ಕೂತು ಬೆರಳು ಹಿಡಿದು ತಿದ್ದಿಸುತ್ತಿದ್ದಳು. ತಪ್ಪು ಮಾಡಲು ಬಿಡುತ್ತಿದ್ದಳು.

ಹೆಡ್ಮಾಸ್ಟರು ಅವಳಿಗಿಂತ ಚಿಕ್ಕವರು, ಒಳ್ಳೆಯವರು, ಸದಾ ಏನನ್ನಾದರೂ ಎತ್ತಿ ಇನ್ನೊಂದು ಕಡೆ ಇಡುತ್ತಿರುವವರು. ಅವಳು ಹೋದಾಗ ಸಭೆಗೆಂದು ಬೆಂಚು ಹೊರಿಸುತ್ತಿದ್ದರು. "ಸಾರ್, ಗುಬ್ಬಿ ವಿಷಯ ಒಂದು ಮಾತು" ಎಂದಳು. ಅವರು ಬೆಂಚನ್ನು ಅಲ್ಲೇ ಇಳಿಸಿ, ಅವಳ ಮುಖವನ್ನೇ ನೋಡಿ, ಆಮೇಲೆ ಬಾಗಿಲು ಮುಂದೆ ಮಾಡಿದರು. "ಮೇಡಂ, ನಾನು ಆ ಹುಡುಗಿ ಎಷ್ಟು ಓದ್ತಾಳೆ ಅಂತ ನಿಮ್ಮನ್ನ ಕೇಳಿದ್ದೀನಾ? ಕೇಳಿಲ್ಲ. ನೀವೂ ಹೇಳ್ಬೇಡಿ. ಇವತ್ತು ಈ ಶಾಲೆ ಮುಚ್ಚಿದ್ರೆ ಮಕ್ಕಳನ್ನ ಬೈಪಾಸ್ ಆಚೆ ದೊಡ್ಡ ಶಾಲೆಗೆ ಹಾಕ್ತಾರಂತೆ, ಬಸ್ ಬಿಡ್ತಾರಂತೆ. ಎಷ್ಟು ದಿನ ಬಿಡ್ತಾರೆ? ಬಸ್ ನಿಂತ ಮಾರನೇ ದಿನ ಈ ಮಕ್ಕಳೆಲ್ಲ ಕೆಲಸಕ್ಕೆ ಹೋಗ್ತವೆ. ಒಂದು ವರ್ಷ ಉಳಿಸಿಕೊಂಡ್ರೆ ಆಮೇಲೆ ಓದು ಬರಹ ನೋಡ್ಕೊಳ್ಳೋಣ." ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಅತ್ತ ದರಿ, ಇತ್ತ ಪುಲಿ. ಅವಳು "ಆಯ್ತು ಸಾರ್" ಎಂದು ಬೆಂಚಿನ ಇನ್ನೊಂದು ತುದಿ ಹಿಡಿದಳು.

ಸಭೆಗೆ ಅಷ್ಟು ಜನ ಬಂದದ್ದು ನೋಡಿ ಅವಳಿಗೆ ಸಿಟ್ಟೇ ಬಂತು. ಪೋಷಕರ ಮೀಟಿಂಗಿಗೆ ಕರೆದರೆ ನಾಲ್ಕು ಜನ ಬಾರದ ಶಾಲೆ; ಮುಚ್ಚುತ್ತಾರೆ ಅಂದರೆ ಕಿಟಕಿಯ ಮೇಲೂ ಜನ. ಬಲಗಡೆ ಹಳೆಯ ಮನೆಗಳವರು ಒಗೆದ ಬಟ್ಟೆಯಲ್ಲಿ, ಎಡಗಡೆ ಕೆಲಸದ ಬಟ್ಟೆಯಲ್ಲೇ ಬಂದವರು. ಹೀಗೆ ಕೂರಿ ಎಂದು ಯಾರೂ ಹೇಳಿರಲಿಲ್ಲ. ಗಂಡ ಎದ್ದು ಭಾಷಣ ಶುರು ಮಾಡಿದ. ಬಚ್ಚಲಿನಲ್ಲಿ ಚೆನ್ನಾಗಿ ಕೇಳಿಸಿದ್ದು ಮೈಕಿನಲ್ಲಿ ಸಣ್ಣಗೆ ಕೀರಲಾಗಿ ಕೇಳಿಸಿತು. ಜೈಲಿನ ಮಾತಿಗೆ ಬರುವಷ್ಟರಲ್ಲಿ ಹಿಂದಿನಿಂದ ಒಂದು ದನಿ, "ಸ್ವಾಮಿ, ತಮ್ಮ ಮೊಮ್ಮಗಳು ಯಾವ ಸ್ಕೂಲು?" ಎಂದಿತು. ಗಂಡ ಕೇಳಿಸದವನಂತೆ ಮುಂದುವರಿಸಿದ. "ಹೇಳೋದು ಆಚಾರ, ತಿನ್ನೋದು ಬದನೆಕಾಯಿ!" ಎಂದು ಇನ್ಯಾರೋ ಕೂಗಿದರು. ಎಡಗಡೆಯವರೂ ಬಲಗಡೆಯವರೂ ಒಟ್ಟಿಗೆ ನಕ್ಕರು. ಆ ಮಧ್ಯಾಹ್ನ ಅವರು ಒಟ್ಟಿಗೆ ಮಾಡಿದ್ದು ಅದೊಂದೇ. ಗಂಡ ಕಿವಿಯ ತನಕ ಕೆಂಪಾಗಿ ಕೂತ. ಅವನ ಕಡೆ ನೋಡಬಾರದು ಎಂದು ಅವಳು ಫ್ಯಾನಿನ ಕಡೆ ನೋಡಿದಳು. ಪಾಪ ಅನ್ನಿಸಿತು, ಸರಿಯಾಯಿತು ಎಂದೂ ಅನ್ನಿಸಿತು.

ಆಮೇಲೆ ಮೆಂಬರ್ ಎದ್ದ. ವಾರ್ಡಿನಿಂದ ಗೆದ್ದುಬಂದವನು, ಮುಚ್ಚಿ ಅನ್ನುವವರ ಮುಂದಾಳು, ಮತ್ತು ಬಹಳ ಹಿಂದೆ ಇದೇ ಕೋಣೆಯಲ್ಲಿ ಅವಳ ಮುಂದೆ ಕೂತು ಓದಿದವನು. ಅವನು ಕೂಗಲಿಲ್ಲ. "ನಾನು ಈ ಸ್ಕೂಲಿನ ಹುಡುಗನೇ. ಇದನ್ನ ಬೈಯೋಕೆ ಬಂದಿಲ್ಲ. ಒಬ್ಬ ಟೀಚರಿಗೆ ಎರಡು ಕ್ಲಾಸು ಕೊಟ್ರೆ ದೇವರು ಬಂದ್ರೂ ಕಲಿಸೋಕಾಗಲ್ಲ. ಬೈಪಾಸ್ ಆಚೆ ಸ್ಕೂಲಲ್ಲಿ ಕ್ಲಾಸಿಗೊಬ್ಬ ಟೀಚರ್ ಇದ್ದಾರೆ. ಇಲ್ಲಿ ಗೋಡೆ ಉಳಿಸ್ತೀರಾ, ಅಲ್ಲಿ ಮಕ್ಕಳನ್ನ ಉಳಿಸ್ತೀರಾ? ನೀವೇ ಹೇಳಿ." ಎಡಗಡೆಯವರು ಗುಸುಗುಸು ಮಾಡಿದರು. "ಇಷ್ಟು ದಿನ ಯಾಕೆ ಟೀಚರ್ ಕೊಡ್ಲಿಲ್ಲ? ನಮ್ ಮಕ್ಳು ಬಂದ್ಮೇಲೇ ಸ್ಕೂಲು ಕೆಟ್ಟೋಯ್ತಾ?" ಎಂದು ಗಾರೆ ಕೆಲಸದವನೊಬ್ಬ ಎದ್ದ. ಅವನು ಹೇಳಿದ್ದೂ ನಿಜ. ಇಬ್ಬರೂ ಸರಿ ಎಂದು ಅವಳಿಗನ್ನಿಸಿ, ಮೈ ಇನ್ನಷ್ಟು ಭಾರವಾಯಿತು. ಗಲಾಟೆ ಏರುತ್ತಿದ್ದಂತೆ ಹೆಡ್ಮಾಸ್ಟರು ಗುಬ್ಬಿಯ ಹೆಗಲು ಹಿಡಿದು ಮುಂದೆ ತಂದು, "ಮಾತು ಸಾಕು. ನಮ್ಮ ಮಗು ಓದುತ್ತೆ, ಕೇಳಿ" ಎಂದರು.

ಗುಬ್ಬಿ ಪುಸ್ತಕ ಬಿಡಿಸಿದಳು. "ಜೇನುನೊಣ ಬಹಳ ಚಿಕ್ಕದು. ಆದರೆ ಅದರ ಕೆಲಸ ಬಹಳ ದೊಡ್ಡದು." ಕೋಣೆ ನಿಶ್ಶಬ್ದವಾಯಿತು. "ಬೆಳಕು ಹರಿಯುವ ಮೊದಲೇ ಅದು ಗೂಡಿನಿಂದ," ಎಂದು ನಿಲ್ಲಿಸಿ, ಸಣ್ಣಗೆ ಕೆಮ್ಮಿ ಗಂಟಲು ಸರಿಮಾಡಿಕೊಂಡು, "ಹೊರಡುತ್ತದೆ" ಎಂದಳು. ಟೀಚರ್ ತಟ್ಟನೆ ಗುರುತು ಹಿಡಿದಳು. ಅದು ತನ್ನ ಕೆಮ್ಮು. ಪಾಠ ಹೇಳಿಕೊಡುವಾಗ ಪ್ರತಿ ಸಲವೂ ಅದೇ ಜಾಗದಲ್ಲಿ ಧೂಳು ಹತ್ತಿ ತಾನು ಕೆಮ್ಮುತ್ತಿದ್ದಳು. ಹುಡುಗಿ ಅದನ್ನೂ ಪಾಠವೆಂದೇ ಕಲಿತಿದ್ದಳು. ತನ್ನ ದನಿ ತನಗೇ ಎದುರಿನಿಂದ, ಅಷ್ಟು ಚಿಕ್ಕ ಬಾಯಿಂದ ಬರುತ್ತಿತ್ತು. ಯಾರಿಗೂ ಗೊತ್ತಾಗಲಿಲ್ಲ. ಹುಡುಗಿ ಪುಟ ತಿರುಗಿಸುವುದನ್ನು ಮರೆತು ಎರಡನೇ ಪುಟದ ಸಾಲುಗಳಿಗೆ ಹೋದಾಗಲೂ ಯಾರಿಗೂ ಗೊತ್ತಾಗಲಿಲ್ಲ. ಮೆಂಬರ್ ಮಾತ್ರ ಕುರ್ಚಿಯಿಂದ ಎದ್ದು ಹುಡುಗಿಯ ಹತ್ತಿರ ಬಂದ, ಪುಸ್ತಕದೊಳಗೆ ಬಗ್ಗಿ ನೋಡಿದ. ಬೇರೆ ಪುಟ ತೆಗೆದು ಓದು ಅನ್ನುತ್ತಾನೆ, ಈಗ ಅನ್ನುತ್ತಾನೆ, ಎಂದು ಅವಳು ಬೆಂಚಿನ ಅಂಚು ಹಿಡಿದಳು. ಅನ್ನಲಿ ಎಂದು ಒಳಗೊಳಗೇ ಬೇಡಿಕೊಂಡದ್ದೂ ನಿಜ. ಅವನು ಹುಡುಗಿಯ ತಲೆ ಮುಟ್ಟಿ, "ಚೆನ್ನಾಗಿ ಓದ್ದೆ ಪುಟ್ಟಿ" ಎಂದು ಹೋಗಿ ಕೂತುಕೊಂಡ. ಚಪ್ಪಾಳೆ ಎಡಗಡೆ ಹುಟ್ಟಿ ಬಲಗಡೆಗೂ ಹರಿಯಿತು. ಆಸ್ಪತ್ರೆಯ ನರ್ಸಮ್ಮ ಕಣ್ಣೊರೆಸಿಕೊಂಡರು. ಗುಬ್ಬಿಯ ತಾಯಿ ಅಳಲಿಲ್ಲ, ಸುತ್ತಲೂ ಒಬ್ಬೊಬ್ಬರ ಮುಖವನ್ನೇ ನೋಡುತ್ತ ನಿಂತಳು. ಕೈ ಎತ್ತಿಸಿದಾಗ ಶಾಲೆ ಇನ್ನೊಂದು ವರ್ಷ ಇರಲಿ, ಸೂರು ರಿಪೇರಿಗೆ ದುಡ್ಡು ಕೇಳೋಣ ಎಂದಾಯಿತು.

ನಲ್ಲಿಯ ಹತ್ತಿರ ಅವಳು ಮುಖ ತೊಳೆದುಕೊಳ್ಳುತ್ತಿದ್ದಾಗ ಮೆಂಬರ್ ಬಂದು ಪಕ್ಕದಲ್ಲಿ ನಿಂತ. ಅವನೂ ಕೈಯೊಡ್ಡಿ ನೀರು ಹಿಡಿದ. "ಅದೇ ಜಾಗದಲ್ಲಿ ಕೆಮ್ತೀರಲ್ಲ ಟೀಚರ್, ಇನ್ನೂ" ಎಂದ. ಅವಳು ಮುಖ ಎತ್ತಲಿಲ್ಲ. "ನಾನೂ ಕೆಮ್ಮಿದ್ದೆ. ಸಾಹೇಬರು ಬೆನ್ನು ತಟ್ಟಿದ್ರು, ನೆನಪಿದೆಯಾ? ಆಮೇಲೆ ಲಾರಿ ಕ್ಲೀನರ್ ಆದ್ಮೇಲೆ ಬೋರ್ಡು ನೋಡಿ ನೋಡಿ ಓದೋದು ಕಲಿತೆ. ಡ್ರೈವರ್ ಏಟು ಕೊಟ್ಟು ಕಲಿಸಿದ." ಅವಳು, "ಮತ್ತೆ ಅಲ್ಲಿ ಯಾಕೆ ಹೇಳ್ಲಿಲ್ಲ? ಹೇಳಿದ್ರೆ ನೀನು ಗೆಲ್ತಿದ್ದೆ" ಎಂದಳು. ಅವನು ನೀರು ಚೆಲ್ಲಿದ. "ಗೆಲ್ತಿದ್ದೆ. ಹೇಳ್ಬೇಕು ಅಂತಲೇ ಎದ್ದೆ. ಆ ಮಗು ನನ್ನ ನೋಡಿ ನಗ್ತು ಟೀಚರ್. ಅಷ್ಟು ಜನರೆದುರು ಹೇಗೆ ಹೇಳೋದು?" ಒದ್ದೆ ಕೈಯನ್ನು ಅಂಗಿಗೆ ಒರೆಸಿಕೊಂಡು, "ಹೇಳ್ಬೇಕಾಗಿದ್ದು ನಾನಲ್ಲ" ಎಂದ. ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು. ಅವನು ಬೈಯಲಿಲ್ಲ, ನಲ್ಲಿ ಬಿಗಿಯಾಗಿ ನಿಲ್ಲಿಸಿ, ಟೀಚರ್ ಎಂಬ ಮರ್ಯಾದೆಗೆ ತಲೆ ಸ್ವಲ್ಪ ಬಗ್ಗಿಸಿ ಹೋದ.

ಚೀಲ ತೆಗೆದುಕೊಂಡು ಅವಳು ಬಿರಬಿರನೆ ಗೇಟಿನ ಕಡೆ ನಡೆದಳು. ನಿಂತರೆ ಮತ್ತೆ ಬಾಯಿ ಬೇರೇನೋ ಹೇಳುತ್ತದೆ ಎಂಬ ಭಯವಿತ್ತು. ಗುಬ್ಬಿ ಮತ್ತು ತಾಯಿ ಇನ್ನೂ ಅಲ್ಲೇ ಇದ್ದರು. ಯಾರೋ ಕೊಟ್ಟ ಬಿಸ್ಕತ್ತಿನ ಪೊಟ್ಟಣ ಹುಡುಗಿಯ ಕೈಯಲ್ಲಿತ್ತು. "ನೋಡಮ್ಮ, ನಿಮಗೆ ಒಂದು ವಿಷಯ ಹೇಳ್ಬೇಕು. ನಿಮ್ಮ ಮಗಳಿಗೆ ಓದೋಕೆ ಬರಲ್ಲ. ಅವಳು ಓದಿದ್ದು ಬಾಯಿಪಾಠ. ತಪ್ಪು ಅವಳದ್ದಲ್ಲ, ನಂದು. ನಾನು ಕಲಿಸ್ಲಿಲ್ಲ." ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದಳು. ಹೇಳಿದ ಮೇಲೆ ಹಗುರಾಗುತ್ತದೆ ಎಂದುಕೊಂಡಿದ್ದಳು, ಆಗಲಿಲ್ಲ. ತಾಯಿ ಮೊದಲು ನಕ್ಕಳು, ದೃಷ್ಟಿಯಾಗದಿರಲಿ ಅಂತ ಹಿರಿಯರು ಹೀಗೆಲ್ಲ ಹೇಳುವುದುಂಟು ಎನ್ನುವ ಹಾಗೆ. ಟೀಚರ್ ನಗದಿದ್ದದ್ದು ನೋಡಿ ಅವಳ ನಗು ನಿಂತಿತು. "ಏನ್ ಟೀಚರ್ ಹೀಗಂತೀರಿ? ಅಷ್ಟು ಜನ ಕೇಳಿದ್ರಲ್ಲ. ಓದಿದೋರೇ ಕೇಳಿದ್ರು. ಆ ಮೆಂಬರೇ ಪುಸ್ತಕ ನೋಡಿ ಹೇಳಿದ್ರು." ದನಿ ಏರಿತು. "ನನ್ನ ಮಗಳಿಗೆ ಇವತ್ತು ಒಂದು ದಿನ ಚಪ್ಪಾಳೆ ಬಿದ್ದಿದ್ದು ನಿಮ್ಗೂ ಸಹಿಸೋಕಾಗ್ಲಿಲ್ವಾ? ಅವರಾದ್ರೆ ಬಿಡಿ, ನೀವೂನಾ?"

ಚೀಲದಿಂದ ಪುಸ್ತಕ ತೆಗೆದು, ಬೇರೆ ಪುಟ ಬಿಡಿಸಿ ಹುಡುಗಿಯ ಮುಂದೆ ಹಿಡಿದರೆ ಒಂದು ನಿಮಿಷದಲ್ಲಿ ಎಲ್ಲ ಸ್ಪಷ್ಟವಾಗುತ್ತಿತ್ತು. ಟೀಚರ ಕೈ ಚೀಲದೊಳಕ್ಕೆ ಹೋಯಿತು ಕೂಡ. ಆಗ ಗುಬ್ಬಿ ಅಮ್ಮನ ತೋಳು ಜಗ್ಗಿ, "ಅಮ್ಮಾ, ಟೀಚರಿಗೆ ಗೊತ್ತಿಲ್ಲ" ಎಂದಳು. ಆಮೇಲೆ ಟೀಚರ ಕಡೆ ತಿರುಗಿ, ಬಹಳ ದಿನದಿಂದ ಹೇಳಬೇಕೆಂದಿದ್ದ ಗುಟ್ಟು ಹೇಳುವವಳ ಹಾಗೆ ಹೇಳಿದಳು: "ಪುಸ್ತಕ ಬೇಡ ಟೀಚರ್. ಬೇರೆಯೋರಿಗೆಲ್ಲ ಓದೋಕೆ ಪುಸ್ತಕ ಬೇಕು. ನಂಗೆ ಪುಸ್ತಕ ಇಲ್ದೇನೂ ಓದೋಕೆ ಬರುತ್ತೆ."

ಅವಳು ಹುಡುಗಿಯನ್ನೇ ನೋಡಿದಳು. ಇಷ್ಟು ದಿನ ಇದು ತಾವಿಬ್ಬರೂ ಸೇರಿ ಆಡುವ ಆಟ, ಹುಡುಗಿಗೂ ತಿಳಿದಿದೆ, ಎಂದೇ ಅಂದುಕೊಂಡಿದ್ದಳು. ಆ ಕಣ್ಣಿನಲ್ಲಿ ಆಟವಿರಲಿಲ್ಲ. ಓದು ಅಂದರೆ ಇದೇ, ಎಲ್ಲರಿಗಿಂತ ತಾನು ಚೆನ್ನಾಗಿ ಕಲಿತಿದ್ದೇನೆ, ಎಂಬ ನಂಬಿಕೆ ಮಾತ್ರ ಇತ್ತು. ಗುಬ್ಬಿ ಬಿಸ್ಕತ್ತನ್ನು ಅಮ್ಮನ ಕೈಗೆ ಕೊಟ್ಟು, ಕೈಕಟ್ಟಿ, ಬೆನ್ನು ನೆಟ್ಟಗೆ ಮಾಡಿ ಶುರು ಮಾಡಿದಳು. ಜೇನುನೊಣ ಬಹಳ ಚಿಕ್ಕದು. ಆದರೆ ಅದರ ಕೆಲಸ ಬಹಳ ದೊಡ್ಡದು. ಗೇಟಿನಿಂದ ಹೊರಗೆ ಹೋಗುತ್ತಿದ್ದ ಇಬ್ಬರು ಮೂವರು ನಿಂತು ಕೇಳಿದರು. ಕೆಮ್ಮುವ ಜಾಗದಲ್ಲಿ ಕೆಮ್ಮಿದಳು. ಒಂದು ಮಾತೂ ತಪ್ಪಲಿಲ್ಲ. ತಾಯಿಯ ಮುಖದ ಸಿಟ್ಟು ಸಾಲು ಸಾಲಿಗೂ ಕರಗುತ್ತ ಬಂತು.

ಮುಗಿಸಿ ಗುಬ್ಬಿ ಕಾದಳು. ತಾಯಿ ಬಿಸ್ಕತ್ತಿನ ಪೊಟ್ಟಣವನ್ನು ಬಗಲಲ್ಲಿ ಇಟ್ಟುಕೊಂಡು ಚಪ್ಪಾಳೆ ತಟ್ಟಿದಳು. ನಿಂತಿದ್ದವರೂ ತಟ್ಟಿದರು. ಆಮೇಲೆ ತಾಯಿ, ಮಗಳು ಇಬ್ಬರೂ ಟೀಚರ ಕೈಗಳನ್ನು ನೋಡಿದರು. ಅವಳು ಚೀಲದಿಂದ ಕೈ ಹೊರಗೆ ತೆಗೆದು ಚಪ್ಪಾಳೆ ತಟ್ಟಿದಳು.